ಎದ್ದು ಬಂದ ಕುಮಾರ ಗಂಧರ್ವ: ಪ್ಲೇಟ್, ಕ್ಯಾಸೆಟ್, ಸಿಡಿ, ಮೊಬೈಲ್, ಯಾವುದರಲ್ಲಿ ಕೇಳಬೇಕು?

ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಯಾವುದರಲ್ಲಿ ಕೇಳಿದರೆ ಚೆಂದ ಅಂತ ಯಾರಾದರೂ ವಿಚಾರಿಸಿದರೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ಯಾವ ಕುಮಾರ ಗಂಧರ್ವ? ಕ್ಷಯ ಬರುವ ಮುಂಚಿನ ಹುಡುಗನೋ, ಕ್ಷಯದಿಂದ ಎದ್ದು ಬಂದವರೋ? ಮನುಷ್ಯ ಒಬ್ಬರೇ. ಆದರೆ ಒಂದು ಕಾಲದ ಹಾಡನ್ನು ಚೆಂದ ಕೇಳಿಸುವ ಯಂತ್ರ ಇನ್ನೊಂದು ಕಾಲದ ಹಾಡನ್ನು ಕೆಡಿಸಿಬಿಡಬಹುದು. ಇದು ನನಗೆ ಓದಿ ಗೊತ್ತಾದದ್ದಲ್ಲ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಕೇಳಿ ಕೇಳಿ ಗೊತ್ತಾದದ್ದು.

ಹೊಸಬರಿಗೆ ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. ಅವರು ನಮ್ಮ ಕಡೆಯವರೇ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ. ಚಿಕ್ಕ ಹುಡುಗನಾಗಿದ್ದಾಗಲೇ ದೊಡ್ಡ ದೊಡ್ಡ ಗವಾಯಿಗಳ ಗ್ರಾಮಫೋನ್ ಪ್ಲೇಟ್ ಕೇಳಿ ಹಾಗೇ ಹಾಡಿ ತೋರಿಸುತ್ತಿದ್ದ, ಅದನ್ನು ಮೆಚ್ಚಿ ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಅಂತ ಹೆಸರು ಕೊಟ್ಟರು. ಮುಂದೆ ಮುಂಬೈಯಲ್ಲಿ ಬಿ. ಆರ್. ದೇವಧರರ ಹತ್ತಿರ ಕಲಿತರು. ಹೆಸರು ಏರುತ್ತಿದ್ದ ಹೊತ್ತಿಗೆ ಕ್ಷಯ ಬಂತು. 1948ರಲ್ಲಿ ಹವಾ ಚೆನ್ನಾಗಿದೆ ಅಂತ ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ಹಾಡಲೇಬೇಡಿ ಅಂದರು ಡಾಕ್ಟರು. ಹೆಂಡತಿ ಭಾನುಮತಿ ಹಗಲು ರಾತ್ರಿ ನೋಡಿಕೊಂಡರು. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, ಜೀವ ಉಳಿಯಿತು, 1953ರಲ್ಲಿ ಮತ್ತೆ ಕಚೇರಿಗೆ ಕೂತರು. ಅಲ್ಲಿಂದ 1992ರ ಜನವರಿ 12ರಂದು ತೀರಿಕೊಳ್ಳುವವರೆಗೆ ಸುಮಾರು ನಾಲ್ಕು ದಶಕ ಹಾಡಿದರು. ಇವತ್ತು ನಮಗೆ ಸುಲಭವಾಗಿ ಸಿಗುವುದು ಹೆಚ್ಚೂಕಡಿಮೆ ಎಲ್ಲ ಈ ಎರಡನೇ ಸರದಿಯ ಹಾಡುಗಳೇ.

ಎದ್ದು ಬಂದ ಮೇಲೆ ಏನು ಬದಲಾಯಿತು? ಒಂದು ಶ್ವಾಸಕೋಶ ಹಾಳಾಗಿತ್ತು. ಉದ್ದನೆಯ ತಾನು, ಅಂದರೆ ವೇಗದ ಸ್ವರಗಳ ಸರಪಳಿ, ಒಂದೇ ಉಸಿರಿಗೆ ಎಳೆಯುವ ಹಾಗಿರಲಿಲ್ಲ. ಅದಕ್ಕೆ ಅವರು ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡತೊಡಗಿದರು. ಮೇಲಿನ ಸ್ವರಕ್ಕೆ ಒಂದೇ ಜಿಗಿತ, ಅಲ್ಲಿಂದ ಥಟ್ಟನೆ ಮೌನ. ಆ ಮೌನದಲ್ಲಿ ತಂಬೂರಿ ಮಾತ್ರ ಝೇಂಕರಿಸುತ್ತಿರುತ್ತದೆ. ತಂಬೂರಿ ಶ್ರುತಿ ಮಾಡುವುದರಲ್ಲಿ ಅವರ ಹಟ ಎಲ್ಲರಿಗೂ ಗೊತ್ತಿರುವಂಥದ್ದು. ಶ್ರುತಿ ಒಂದು ಕೂದಲೆಳೆ ಆಚೀಚೆ ಆದರೂ ಬಿಡುತ್ತಿರಲಿಲ್ಲ. ಯಾಕೆ ಅಂತ ಈಗ ಅರ್ಥವಾಗುತ್ತದೆ. ಅವರು ಹಾಡು ನಿಲ್ಲಿಸಿದಾಗ ರಾಗ ನಿಲ್ಲಬಾರದಲ್ವಾ? ಅದನ್ನು ತಂಬೂರಿ ಹಿಡಿದುಕೊಳ್ಳಬೇಕು. ಹಾಗಾಗಿ ನನ್ನ ಪರೀಕ್ಷೆ ಒಂದೇ. ಯಾವ ಪ್ಲೇಟ್, ಯಾವ ಟೇಪು, ಯಾವ ಮೊಬೈಲು ಆ ಖಾಲಿ ಜಾಗವನ್ನು ಕೆಡಿಸದೆ ಉಳಿಸುತ್ತದೆ? ದನಿ ಎಷ್ಟು ಜೋರು, ಎಷ್ಟು ನುಣುಪು ಅನ್ನುವುದೆಲ್ಲ ಆಮೇಲಿನ ಮಾತು.

ಕೇಳಲು ಕೂರುವವರು ಬಹಳ ಜನ ಇಲ್ಲ. ರೈಲ್ವೆಯಿಂದ ನಿವೃತ್ತರಾದ ನಮ್ಮ ಓಣಿಯ ಕಾಕಾ, ಗದಗಿನಿಂದ ಬಂದು ಹೋಗುವ ಸಂಗೀತದ ಮಾಸ್ತರು, ಹಾವೇರಿಯ ಅಕ್ಕ ಒಬ್ಬರು, ಮತ್ತೆ ನಾನು. ಅದೇ ಕೋಣೆ, ಅದೇ ಆಂಪ್ಲಿಫೈಯರ್, ಅದೇ ಹಳೇ ಜೋಡಿ ಸ್ಪೀಕರ್. ಬದಲಾಗುವುದು ಪ್ಲೇಟೋ ಟೇಪೋ ಮೊಬೈಲೋ ಅಷ್ಟೇ. ದನಿಯ ಮಟ್ಟ ಒಂದೇ ಇರಬೇಕು, ಇದು ಮುಖ್ಯ. ಸ್ವಲ್ಪ ಜೋರಾಗಿ ಕೇಳಿಸಿದ್ದೇ ಚೆಂದ ಅನ್ನಿಸಿಬಿಡುತ್ತದೆ, ಅದು ಕಿವಿಯ ಗುಣ. ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಹೆಂಚಿನ ಮೇಲೆ ಬೀಳುತ್ತಿದ್ದರೆ ಯಾವ ಮೌನವೂ ಕೇಳಿಸುವುದಿಲ್ಲ.

ಮೊದಲು 78 ಆರ್‌ಪಿಎಂ ಪ್ಲೇಟು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವುದು. ಅರಗಿನ ಕಪ್ಪು ಪ್ಲೇಟು, ಕೈ ಜಾರಿದರೆ ಚೂರು. ಹುಡುಗ ಕುಮಾರನ ದನಿ ಇರುವುದು ಇವುಗಳಲ್ಲಿ. ಕಾಕಾನಿಗೆ ಇದೇ ಪ್ರಾಣ. "ಇದರಾಗ ಉಸಿರು ಐತಿ ನೋಡ ತಮ್ಮಾ, ಆಮ್ಯಾಲಿನದರಾಗ ಉಸಿರು ಎಲ್ಲೈತಿ?" ಅನ್ನುತ್ತಾರೆ. ದನಿ ನಿಜವಾಗಿಯೂ ಬೆರಗು ಹುಟ್ಟಿಸುತ್ತದೆ. ಎಳೆಯ ದನಿ, ಆದರೆ ಹಿಡಿತ ದೊಡ್ಡವರದು. ಚರಚರ ಸದ್ದಿನ ಒಳಗಿನಿಂದ ಬಾಣದ ಹಾಗೆ ಬರುತ್ತದೆ. ಆದರೆ ಕಾಕಾನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಅದಕ್ಕೆ ಕಾರಣವೂ ಇದೆ. ಹತ್ತು ಇಂಚಿನ 78ರ ಒಂದು ಬದಿಗೆ ಸಿಗುವುದು ಮೂರು ನಿಮಿಷ, ಎಳೆದರೆ ಮೂರೂವರೆ. ಅಷ್ಟರಲ್ಲಿ ಆಲಾಪ, ಚೀಜು (ರಾಗದ ಹಾಡು), ತಾನು ಎಲ್ಲ ಮುಗಿಸಬೇಕು. ಯಾರೇ ಹಾಡಲಿ, ಎಷ್ಟೇ ದಮ್ಮಿರಲಿ, ನಿಲ್ಲಲು ಪುರಸೊತ್ತೇ ಇಲ್ಲ. ಎಲ್ಲರೂ ಓಡುತ್ತಾರೆ. ಆದ್ದರಿಂದ ಹುಡುಗ ಕುಮಾರನಿಗೆ ಎಷ್ಟು ಉಸಿರಿತ್ತು, ಬಿಡುವು ಕೊಟ್ಟು ಹಾಡುವ ಗುಣ ಆಗಲೇ ಇತ್ತೋ ಇಲ್ಲವೋ ಅನ್ನುವುದನ್ನು ಈ ಪ್ಲೇಟಿನಿಂದ ಹೇಳಲು ಬರುವುದಿಲ್ಲ. 78ನ್ನು ಆಮೇಲೆ ಬಂದ, ಹೆಚ್ಚು ಹೊತ್ತು ಹಾಡುವ ಎಲ್‌ಪಿ ಪ್ಲೇಟಿನ ಪಕ್ಕ ಇಟ್ಟು "ಮುಂಚೆ ಉಸಿರಿತ್ತು, ಆಮೇಲೆ ಹೋಯಿತು" ಅಂದರೆ ಅದು ಕ್ಷಯದ ಲೆಕ್ಕವಲ್ಲ, ಪ್ಲೇಟಿನ ಅಳತೆಯ ಲೆಕ್ಕ.

ಇನ್ನೊಂದು ವಿಷಯ. 78ರಲ್ಲಿ ತಂಬೂರಿ ಇದ್ದೂ ಇಲ್ಲ. ಪ್ಲೇಟಿನ ಉಜ್ಜಾಟದ ಸದ್ದಿನಲ್ಲಿ ಮುಳುಗಿ ಹೋಗಿರುತ್ತದೆ. ಹುಡುಗನ ದನಿಗೆ ಅದರಿಂದ ಅಷ್ಟೇನೂ ನಷ್ಟವಿಲ್ಲ, ಅದು ಹೇಗಿದ್ದರೂ ತುಂಬಿಕೊಂಡೇ ಇರುತ್ತದೆ.

ಈಗ ಎಲ್‌ಪಿ. ನಮ್ಮಂಥವರ ದೊಡ್ಡ ಜಗಳ ಇಲ್ಲಿಂದಲೇ ಶುರು. ಎದ್ದು ಬಂದ ಕುಮಾರ ಗಂಧರ್ವರು ಬಹಳಷ್ಟು ಮನೆಗಳಿಗೆ ಮೊದಲು ಬಂದದ್ದು ಎಚ್‌ಎಂವಿ ಕಂಪನಿಯ ಈ ಎಲ್‌ಪಿಗಳಲ್ಲಿ. ನಿಮಿಷಕ್ಕೆ ಮೂವತ್ಮೂರೂ ಕಾಲು ಚಿಲ್ಲರೆ ಸುತ್ತು, ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ. ಅಂದರೆ ಮೊದಲ ಸಲ ಅವರಿಗೆ ಪ್ಲೇಟಿನ ಮೇಲೆ ನಿಲ್ಲಲು ಜಾಗ ಸಿಕ್ಕಿತು. ಚೆನ್ನಾಗಿ ಇಟ್ಟ ಎಲ್‌ಪಿಯಲ್ಲಿ ಮೊದಲ ಹತ್ತು ನಿಮಿಷ ಕೇಳಿ. ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗಿನ ಸ್ವರದ, ತಂತಿ ಕೋಣೆಯ ನೆಲದಿಂದ ಎದ್ದ ಹಾಗೆ ಬರುತ್ತದೆ. ಅವರು ಒಂದು ತುಣುಕು ಎಸೆದು ಸುಮ್ಮನಾದಾಗ ಆ ಸ್ವರದ ಬಿಸಿ ತಂಬೂರಿಯಲ್ಲಿ ಇನ್ನೂ ಇದೆ ಅನ್ನಿಸುತ್ತದೆ. ಮಾಸ್ತರು ಕಣ್ಣು ಮುಚ್ಚಿ "ಉಸಿರು ಕಡಿಮಿ ಆಗೈತಿ, ಹಾಡು ಕಡಿಮಿ ಆಗಿಲ್ರಿ" ಅಂದದ್ದು ಇಂಥ ಒಂದು ಎಲ್‌ಪಿ ಕೇಳುವಾಗಲೇ.

ಆದರೆ ಎಲ್‌ಪಿಗೆ ಒಂದು ದೊಡ್ಡ ತೊಂದರೆ ಇದೆ, ಅದನ್ನು ಎಲ್‌ಪಿ ಪ್ರೇಮಿಗಳು ಹೇಳುವುದೇ ಇಲ್ಲ. ಪ್ಲೇಟು ತಿರುಗುವ ವೇಗ ಒಂದೇ, ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ, ಲೇಬಲ್ ಹತ್ತಿರ ಬಂದಾಗ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗೆ. ದನಿ ಒರಟಾಗುತ್ತದೆ, ಸ ಮತ್ತು ಚ ಅಕ್ಷರಗಳು ಉಗುಳಿದ ಹಾಗೆ ಕೇಳಿಸುತ್ತವೆ. ಈಗ ಯೋಚನೆ ಮಾಡಿ, ಖಯಾಲ್ ಹಾಡುಗಾರಿಕೆಯಲ್ಲಿ ನಿಧಾನದ ವಿಲಂಬಿತ ಮೊದಲು, ವೇಗದ ದ್ರುತ್ ಕೊನೆಗೆ. ಅಂದರೆ ಅವರ ತಾನುಗಳು ಮಿಂಚುವ ಹೊತ್ತಿಗೆ ಮುಳ್ಳು ಪ್ಲೇಟಿನ ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿರುತ್ತದೆ. ಮೇಲಿನ ಸಾ ಮುಟ್ಟಿ ಕತ್ತರಿಸಿ ಬಿಡುತ್ತಾರಲ್ಲ, ಆ ಕತ್ತರಿಯ ಅಂಚು ಮೊಂಡಾಗುತ್ತದೆ. ಮುಳ್ಳು ಹೊಸದಿದ್ದರೆ, ತೂಕ ಸರಿಯಾಗಿ ಇಟ್ಟಿದ್ದರೆ ಸ್ವಲ್ಪ ಪರವಾಗಿಲ್ಲ. ಸವೆದ ಮುಳ್ಳಿನಿಂದ ದಶಕಗಟ್ಟಲೆ ಬಾರಿಸಿದ ಸೆಕೆಂಡ್ ಹ್ಯಾಂಡ್ ಪ್ಲೇಟ್ ಆದರೆ ಯಾವ ಮುಳ್ಳು ಹಾಕಿದರೂ ಆ ಭಾಗ ಸರಿಹೋಗುವುದಿಲ್ಲ. ಹುಬ್ಬಳ್ಳಿಯಲ್ಲಿ ಹಳೇ ಪ್ಲೇಟ್ ಸಿಕ್ಕಿದರೆ ಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ಲೇಬಲ್ ಹತ್ತಿರದ ಗೆರೆಗಳನ್ನು ನೋಡಿ. ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ, ಕವರ್ ಎಷ್ಟೇ ಚೆಂದ ಇರಲಿ.

ನಡುವಿನ ತೂತು ಒಂದಿಷ್ಟು ಆಚೀಚೆ ಆಗಿರುವ ಪ್ಲೇಟುಗಳೂ ಇವೆ. ಪ್ರತಿ ಸುತ್ತಿಗೆ ಸ್ವರ ಮೇಲೆ ಕೆಳಗೆ ತೂಗುತ್ತದೆ. ಬೇರೆ ಹಾಡಾಗಿದ್ದರೆ ಗಮನಕ್ಕೂ ಬರುವುದಿಲ್ಲ. ತಂಬೂರಿ ಒಂದೇ ಉಳಿದಿರುವ ಜಾಗದಲ್ಲಿ ಎದ್ದು ಕಾಣುತ್ತದೆ. ಶ್ರುತಿಗಾಗಿ ಅಷ್ಟು ಒದ್ದಾಡಿದ ಮನುಷ್ಯನ ಪ್ಲೇಟು ಹೀಗೆ ತೂಗಾಡಿದರೆ ನನಗೆ ಸಂಕಟ.

ಕ್ಯಾಸೆಟ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಪ್ರೀತಿ ಜಾಸ್ತಿ, ಅಂಕ ಕಡಿಮೆ. ಗದಗ, ರೋಣ, ಹಾನಗಲ್, ಕುಂದಗೋಳದ ಮನೆಗಳಿಗೆ ಕುಮಾರ ಗಂಧರ್ವರನ್ನು ತಂದು ಮುಟ್ಟಿಸಿದ್ದು ಕ್ಯಾಸೆಟ್. ಎಲ್‌ಪಿ ಬಾರಿಸುವ ಯಂತ್ರ ಎಷ್ಟು ಮನೆಯಲ್ಲಿತ್ತು? ಟೇಪ್ ರೆಕಾರ್ಡರ್ ಮಾತ್ರ ಎಲ್ಲ ಕಡೆ ಇತ್ತು. ಹಾವೇರಿ ಅಕ್ಕ ಕುಮಾರರ ನಿರ್ಗುಣಿ ಭಜನೆ, ಅಂದರೆ ರೂಪವಿಲ್ಲದ ದೇವರ ಮೇಲಿನ ಕಬೀರನಂಥವರ ಪದ, ಮೊದಲು ಕೇಳಿದ್ದು ಅಡುಗೆಮನೆಯ ಟೇಪಿನಲ್ಲಿ, ರೊಟ್ಟಿ ಬಡಿಯುವ ಸದ್ದಿನ ನಡುವೆ. "ಅರ್ಥ ಆಗಿರಲಿಲ್ಲ, ಆದರ ಕೈ ನಿಂತಿತ್ತು" ಅನ್ನುತ್ತಾರೆ ಅವರು.

ಆದರೆ ಪಕ್ಕಪಕ್ಕ ಇಟ್ಟು ಕೇಳಿದರೆ ಕ್ಯಾಸೆಟ್ಟು ಮೌನಕ್ಕೆ ಮಾಡುವ ಕೇಡು ಎಲ್ಲಕ್ಕಿಂತ ಜಾಸ್ತಿ. ಟೇಪು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್, ಅಗಲ ನಾಲ್ಕು ಮಿಲಿಮೀಟರ್‌ಗಿಂತ ಕಡಿಮೆ. ಅಷ್ಟು ಕಿರಿದಾದ ಪಟ್ಟಿಯಲ್ಲಿ ಎರಡೂ ಬದಿಯ ಹಾಡು ಇರಬೇಕು. ಹಾಗಾಗಿ ಸುಯ್ ಅನ್ನುವ ಸದ್ದು ತಪ್ಪಿದ್ದಲ್ಲ. ಅವರು ಹಾಡು ನಿಲ್ಲಿಸಿದ ಕೂಡಲೇ ಈ ಸುಯ್ ಮುಂದೆ ಬಂದು ನಿಲ್ಲುತ್ತದೆ, ತಂಬೂರಿ ಹಿಂದೆ ಸರಿಯುತ್ತದೆ. ಇನ್ನೂ ಒಂದು ವಿಚಿತ್ರ ಇದೆ. ಟೇಪು ಸುತ್ತಿಟ್ಟು ವರ್ಷಗಟ್ಟಲೆ ಬಿಟ್ಟರೆ ಒಂದು ಸುತ್ತಿನ ಹಾಡು ಪಕ್ಕದ ಸುತ್ತಿನ ಮೇಲೆ ತೆಳ್ಳಗೆ ಅಚ್ಚಾಗುತ್ತದೆ. ತೆಳುವಾದ 90 ನಿಮಿಷದ ಟೇಪಿನಲ್ಲಿ ಇದು ಇನ್ನೂ ಹೆಚ್ಚು. ಅವರು ಸುಮ್ಮನಿದ್ದಾರೆ, ಮುಂದಿನ ತುಣುಕು ಇನ್ನೂ ಬಂದಿಲ್ಲ, ಆದರೆ ಅದರ ನೆರಳು ಒಂದು ಕ್ಷಣ ಮೊದಲೇ ಕೇಳಿಸಿಬಿಡುತ್ತದೆ. ಮುಂದೆ ಎಲ್ಲಿಗೆ ಜಿಗಿಯುತ್ತಾರೆ ಅನ್ನುವ ಕಾತರವೇ ಅವರ ಹಾಡಿನ ಜೀವ. ಆ ಗುಟ್ಟನ್ನು ಟೇಪು ಮೊದಲೇ ಬಿಟ್ಟುಕೊಡುತ್ತದೆ. ಎಲ್‌ಪಿಯಲ್ಲೂ ಪಕ್ಕದ ಗೆರೆಯಿಂದ ಹೀಗೆ ಒಮ್ಮೊಮ್ಮೆ ಆಗುತ್ತದೆ, ಆದರೆ ಇಷ್ಟಿಲ್ಲ.

ಇದು ಕ್ಯಾಸೆಟ್ಟಿನ ದೋಷವೋ ಅವರ ಹಾಡಿನ ಗುಣವೋ ಅಂತ ನೋಡಲು ಅದೇ ಡೆಕ್‌ನಲ್ಲಿ ಭೀಮಸೇನ ಜೋಶಿಯವರ ಕ್ಯಾಸೆಟ್ ಹಾಕಿದೆವು. ಅವರು ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದವರು, ಕುಮಾರರಿಗಿಂತ ಎರಡೇ ವರ್ಷ ದೊಡ್ಡವರು. ಅವರ ದಮ್ಮು ಅಂದರೆ ಹೊಳೆ. ಒಂದು ತಾನು ಶುರುವಾದರೆ ಮುಗಿಯುವವರೆಗೆ ಸುಯ್ ಸದ್ದಿಗೆ ತಲೆ ಎತ್ತಲು ಜಾಗವೇ ಇಲ್ಲ. ಅದೇ ಡೆಕ್, ಟೇಪು ಓದುವ ಅದೇ ಹೆಡ್ಡು, ಒಂದಿಷ್ಟೂ ಕೊರತೆ ಅನ್ನಿಸಲಿಲ್ಲ. ಮಾಸ್ತರಿಗೆ ತಮ್ಮ ಜಿಲ್ಲೆಯವರು ಗೆದ್ದ ಖುಷಿ. ಆದರೆ ಇಲ್ಲಿ ಗೆಲುವು ಸೋಲಿನ ಮಾತಿಲ್ಲ. ಭೀಮಸೇನರ ಹಾಡು ಎಂಥ ಯಂತ್ರದಲ್ಲೂ ಉಳಿಯುತ್ತದೆ, ಎದ್ದು ಬಂದ ಕುಮಾರರ ಹಾಡಿಗೆ ಒಳ್ಳೆಯ ಯಂತ್ರ ಬೇಕು. ನಮ್ಮ ಕಡೆ ಎಷ್ಟೋ ಜನ "ಕುಮಾರರದು ತುಂಡು ತುಂಡು ಹಾಡು" ಅನ್ನುತ್ತಾರೆ. ಅವರಲ್ಲಿ ಬಹಳ ಜನ ಅವರನ್ನು ಕೇಳಿದ್ದು ಹೆಡ್ ತೊಳೆಯದ ಟೇಪ್ ರೆಕಾರ್ಡರಿನಲ್ಲೇ ಅಂತ ನನಗೆ ಬಲವಾದ ಅನುಮಾನ.

ಮನೆಯಲ್ಲಿ ಹಳೇ ಕ್ಯಾಸೆಟ್ ಇರುವವರಿಗೆ ಒಂದು ಮಾತು. ಧಾರವಾಡದ ತಂಪಿಗೆ ಟೇಪಿನ ಮೇಲೆ ಬಿಳಿ ಬೂಸ್ಟು ಬರುತ್ತದೆ. ಅದನ್ನು ಹಾಗೇ ಹಾಕಿದರೆ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ದನಿ ಮುಸುಕು ಹಾಕಿದ ಹಾಗೆ ಇದ್ದರೆ ಟೇಪೇ ಕೆಟ್ಟಿದೆ ಅಂದುಕೊಳ್ಳಬೇಡಿ. ಹೆಡ್ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ, ಹೆಡ್ ಒಂದು ಚೂರು ವಾಲಿದ್ದರೆ ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ. ರಿಪೇರಿ ಗೊತ್ತಿರುವವರಿಂದ ಅದನ್ನು ಸರಿ ಮಾಡಿಸಿದರೆ ಎಷ್ಟೋ ಸಲ ದನಿ ಬಿಚ್ಚಿಕೊಳ್ಳುತ್ತದೆ.

ಸಿಡಿ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅದು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಸ್ವರ ಅಲುಗುವುದಿಲ್ಲ. ಒಳಗಿನ ಸುತ್ತು, ಹೊರಗಿನ ಸುತ್ತು ಅನ್ನುವ ಭೇದವಿಲ್ಲ. ದ್ರುತ್ ಭಾಗ ಸಿಡಿಯಲ್ಲಿ ಕೇಳಿದಾಗ, ಎಲ್‌ಪಿಯಲ್ಲಿ ಮೊಂಡಾಗಿದ್ದ ತಾನು ಒಂದೊಂದೂ ಹರಳಿನ ಹಾಗೆ ಬಿಡಿಬಿಡಿಯಾಗಿ ಕೇಳಿಸಿತು. ಮಾತಾಡುತ್ತಿದ್ದ ಕಾಕಾ ಸುಮ್ಮನಾದರು. ಒಂದೇ ಎಚ್ಚರಿಕೆ. ಹಳೇ ಟೇಪಿನಿಂದ ಸಿಡಿ ಮಾಡುವಾಗ ಕೆಲವರು ಸುಯ್ ಸದ್ದು ತೆಗೆಯುತ್ತೇವೆ ಅಂತ ಅತಿಯಾಗಿ ತೊಳೆಯುತ್ತಾರೆ. ಸುಯ್ ಜೊತೆಗೆ ತಂಬೂರಿಯ ಜವಾರಿಯೂ, ಅಂದರೆ ತಂತಿಯ ಆ ಝೇಂಕಾರವೂ, ಹೋಗುತ್ತದೆ. ಅಂಥ ಸಿಡಿಯಲ್ಲಿ ಮೌನ ಅಂದರೆ ನಿಜವಾಗಿಯೂ ಏನೂ ಇಲ್ಲ, ಬಾವಿಗೆ ಬಿದ್ದ ಹಾಗೆ. ಮಿರಜಿನ ಒಳ್ಳೆಯ ತಂಬೂರಿಯನ್ನು ಎದುರಿಗೆ ಕೂತು ಕೇಳಿದವರಿಗೆ ಇದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಮೊಬೈಲು. ಎಲ್ಲರ ಕೈಯಲ್ಲೂ ಇರುವುದು ಅದೇ, ಹೊಸ ಹುಡುಗರು ಅವರನ್ನು ಮೊದಲು ಕೇಳುವುದೂ ಅದರಲ್ಲೇ. ಹಾಗಾಗಿ ಇದನ್ನು ತಳ್ಳಿಹಾಕುವ ಹಾಗಿಲ್ಲ. ಮೊಬೈಲಿನ ಸ್ವಂತ ಸ್ಪೀಕರಿನಲ್ಲಿ ಅವರ ದನಿ ಸ್ಪಷ್ಟವಾಗಿಯೇ ಬರುತ್ತದೆ, ಅದು ಮೇಲಿನ ದನಿ. ಗಂಗೂಬಾಯಿ ಹಾನಗಲ್ ಅವರ ಗಂಭೀರ ದನಿಗೆ ಆಗುವಷ್ಟು ಅನ್ಯಾಯ ಇವರ ದನಿಗೆ ಆಗುವುದಿಲ್ಲ. ಆದರೆ ತಂಬೂರಿ? ಖರ್ಜದ ತಂತಿ ಆ ಕಡ್ಲೆಕಾಳಿನಷ್ಟು ಸ್ಪೀಕರಿನಲ್ಲಿ ಹುಟ್ಟುವುದೇ ಇಲ್ಲ. ನೆಲವಿಲ್ಲದೆ ಗೋಡೆ ನಿಂತ ಹಾಗೆ ಹಾಡು ಮಾತ್ರ ತೇಲುತ್ತದೆ.

ಅದಕ್ಕೆ ಬ್ಲೂಟೂತ್ ಸ್ಪೀಕರ್ ಹಾಕುತ್ತಾರೆ. ಅಗ್ಗದ ಬ್ಲೂಟೂತ್ ಸ್ಪೀಕರುಗಳಲ್ಲಿ ಕೆಲವಕ್ಕೆ ಒಂದು ಕೆಟ್ಟ ಬುದ್ಧಿ ಇದೆ. ಸದ್ದು ತೀರ ಕಡಿಮೆಯಾದರೆ ಹಾಡು ಮುಗಿಯಿತು ಅಂದುಕೊಂಡು ದನಿ ಮುಚ್ಚುತ್ತವೆ, ಮತ್ತೆ ಸದ್ದು ಬಂದಾಗ ತೆರೆಯುತ್ತವೆ. ತೆರೆಯುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. ಸಿನಿಮಾ ಹಾಡಿಗೆ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ಖಾಲಿ ಜಾಗವೇ ಇರುವುದಿಲ್ಲ. ಕುಮಾರ ಗಂಧರ್ವರ ವಿಲಂಬಿತ ಹಾಕಿ ನೋಡಿ, ಒಮ್ಮೊಮ್ಮೆ ತುಣುಕಿನ ತಲೆಯೇ ಹಾರಿರುತ್ತದೆ. ಅವರು ಸ್ವರಕ್ಕೆ ಹೇಗೆ ಕೈ ಹಚ್ಚುತ್ತಾರೆ ಅನ್ನುವುದೇ ಇಡೀ ಕಥೆ, ಅದೇ ಇಲ್ಲ. ಸಂಗೀತ ಕಲಿಯುವ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಾಗ "ಇವ್ರು ಯಾಕ ಹಿಂಗ ಥಟ್ಟನ ಶುರು ಮಾಡ್ತಾರ್ರಿ?" ಅಂತ ಕೇಳಿದಳು. ಅದೇ ಮೊಬೈಲಿಗೆ ವೈರಿನ ಹೆಡ್‌ಫೋನ್ ಸಿಕ್ಕಿಸಿ ಕೊಟ್ಟೆ. ಅದೇ ಹಾಡು, ಅದೇ ಮೊಬೈಲು. ಅವಳ ಮುಖ ಬದಲಾದದ್ದನ್ನು ನಾವೆಲ್ಲ ನೋಡಿದೆವು. ಮೊಬೈಲಿಗೆ ಒಂದು ವೈರು ಹಾಕಿದರೆ ಅದು ಸಿಡಿಯ ಹತ್ತಿರ ಹತ್ತಿರ ಬರುತ್ತದೆ, ಇದು ನಮ್ಮ ನಾಲ್ಕೂ ಜನರ ಒಮ್ಮತದ ಮಾತು. ನಮ್ಮಲ್ಲಿ ಒಮ್ಮತ ಆಗುವುದು ಅಪರೂಪ.

ಇಷ್ಟೆಲ್ಲ ಹೇಳಿದ್ದು ಸ್ಟುಡಿಯೊದಲ್ಲಿ ಹಾಡಿದ್ದರ ಬಗ್ಗೆ. ನನಗೆ ಎಲ್ಲಕ್ಕಿಂತ ಬೆಲೆಬಾಳುವುದು ಬೇರೆ ಇದೆ. ಮೆಹಫಿಲ್ ರೆಕಾರ್ಡಿಂಗುಗಳು, ಅಂದರೆ ಕಚೇರಿಯಲ್ಲಿ ಯಾರೋ ಟೇಪ್ ಇಟ್ಟು ಹಿಡಿದದ್ದು. ಅವು ಕೈಯಿಂದ ಕೈಗೆ ದಾಟಿ ಈಗ ಯೂಟ್ಯೂಬಿಗೂ ಬಂದಿವೆ. ದನಿಯ ಗುಣ ನೋಡಿದರೆ ಕ್ಯಾಸೆಟ್ಟಿಗಿಂತ ಕಡೆ. ಕೆಮ್ಮು ಇದೆ, ಯಾರೋ ಚಹಾ ಕಪ್ಪು ಇಟ್ಟ ಸದ್ದಿದೆ, ತಬಲಾ ಒಮ್ಮೊಮ್ಮೆ ದನಿಯನ್ನು ಮುಚ್ಚುತ್ತದೆ. ಆದರೂ ನಾನು ಇದಕ್ಕೇ ಮೊದಲ ಜಾಗ ಕೊಡುತ್ತೇನೆ. ಯಾಕೆ ಅಂದರೆ ಇಲ್ಲಿ ಅವರ ಮೌನ ಖಾಲಿ ಇರುವುದಿಲ್ಲ. ಅವರು ನಿಲ್ಲಿಸಿದ ಕೂಡಲೇ ಕೇಳುವವರ "ಆಹಾ" ಬರುತ್ತದೆ, ಒಮ್ಮೊಮ್ಮೆ ಯಾರೂ ಉಸಿರೂ ಬಿಡುವುದಿಲ್ಲ. ಎರಡೂ ಗೊತ್ತಾಗುತ್ತದೆ. ಸ್ಟುಡಿಯೊದಲ್ಲಿ ಗಡಿಯಾರ ಇದೆ, ಪ್ಲೇಟಿನ ಬದಿ ಮುಗಿಯುವುದರೊಳಗೆ ದ್ರುತ್ ಮುಟ್ಟಬೇಕು. ಮೆಹಫಿಲಿನಲ್ಲಿ ಅವರು ಒಂದೇ ಮಾತನ್ನು ಹಿಡಿದು ಅದರ ಸುತ್ತ ಎಷ್ಟು ಹೊತ್ತಾದರೂ ಓಡಾಡುತ್ತಾರೆ. ಜನಪದದ ಧಾಟಿಯಿಂದ ಅವರೇ ತೆಗೆದ ರಾಗಗಳಿವೆಯಲ್ಲ, ಅದನ್ನು ಅವರು ಧುನ್ ಉಗಮ ರಾಗ ಅನ್ನುತ್ತಿದ್ದರು, ಲಗನ ಗಂಧಾರ, ಸಂಜಾರಿ, ಮಾಲವತಿ ಇಂಥವು, ಅವುಗಳ ಚಹರೆ ಹಿಡಿಯಲು ಕೇಳುವವರಿಗೆ ಹೊತ್ತು ಬೇಕು. ಇಪ್ಪತ್ತು ನಿಮಿಷದಲ್ಲಿ ಪರಿಚಯ ಆಗುತ್ತದೆ ಅಷ್ಟೇ, ಸಲಿಗೆ ಆಗುವುದಿಲ್ಲ.

ಆ ರಾಗಗಳ ಬೇರು ಇರುವುದೂ ಹಾಸಿಗೆ ಹಿಡಿದಿದ್ದ ಆ ವರ್ಷಗಳಲ್ಲೇ. ಹಾಡುವ ಹಾಗಿರಲಿಲ್ಲ, ಕೇಳಬಹುದಿತ್ತು. ದೇವಾಸ್‌ನ ಹಕ್ಕಿಗಳ ದನಿ, ಮಾಳವದ ಹೆಣ್ಣುಮಕ್ಕಳ ಹಾಡು, ನಾಥ ಪಂಥದ ಜೋಗಿಗಳು ಹಾಡುವ ಕಬೀರನ ಪದ, ಎಲ್ಲವನ್ನೂ ಮಲಗಿದ್ದಲ್ಲೇ ಕೇಳಿ ಒಳಗಿಟ್ಟುಕೊಂಡರು. ಇಲ್ಲಿ ನನಗೂ ಬಹಳ ರಸಿಕರಿಗೂ ಒಂದು ಭಿನ್ನಾಭಿಪ್ರಾಯ ಇದೆ. "ಕ್ಷಯ ಬಂದದ್ದೇ ಒಳ್ಳೇದಾತು, ಇಲ್ಲಾಂದ್ರ ಬರೇ ನಕಲು ಮಾಡೋ ಗವಾಯಿ ಆಗ್ತಿದ್ರು" ಅಂತ ಹೇಳುವವರನ್ನು ಹುಬ್ಬಳ್ಳಿಯಲ್ಲೂ ಕೇಳಿದ್ದೇನೆ, ಧಾರವಾಡದಲ್ಲೂ ಕೇಳಿದ್ದೇನೆ. ನನಗೆ ಈ ಮಾತು ಸೇರುವುದಿಲ್ಲ. ಒಂದು ಶ್ವಾಸಕೋಶ ಕಳೆದುಕೊಂಡ ಮನುಷ್ಯನ ಕಷ್ಟಕ್ಕೆ ನಾವು ಥ್ಯಾಂಕ್ಸ್ ಹೇಳಬಾರದು. ದೇವಧರರಂಥ ಗುರುವಿನ ಹತ್ತಿರ ಕಲಿತು, ಪ್ರಶ್ನೆ ಕೇಳುವ ಬುದ್ಧಿ ಬೆಳೆಸಿಕೊಂಡಿದ್ದ ಆ ಹುಡುಗ ಆರೋಗ್ಯವಾಗಿದ್ದರೂ ತನ್ನ ದಾರಿ ಹುಡುಕುತ್ತಿದ್ದ ಅಂತಲೇ ನನ್ನ ನಂಬಿಕೆ. ಕ್ಷಯ ಉಸಿರು ಕಿತ್ತುಕೊಂಡಿತು. ಹಾಡು ಕೊಟ್ಟದ್ದು ಅವರ ತಲೆ, ಅವರ ಹಟ, ಭಾನುಮತಿಯವರ ಆರೈಕೆ. ಭಾನುಮತಿ 1961ರಲ್ಲಿ ತೀರಿಕೊಂಡರು. ಆಮೇಲೆ ಕುಮಾರರ ಜೊತೆ ಬದುಕಿನಲ್ಲೂ ಹಾಡಿನಲ್ಲೂ ಎರಡನೇ ಹೆಂಡತಿ ವಸುಂಧರಾ ಇದ್ದರು.

ವಸುಂಧರಾ ಅವರ ದನಿ ಜೊತೆಗಿರುವ ಹಾಡುಗಳಿಗೆ ಮೇಲೆ ಹೇಳಿದ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕುಮಾರರು ಬಿಟ್ಟ ಜಾಗದಲ್ಲಿ ವಸುಂಧರಾ ಅವರ ದನಿ ಬಂದು ಕೂರುತ್ತದೆ, ಹಾಗಾಗಿ ಸುಯ್ ಸದ್ದು ಅಷ್ಟಾಗಿ ಕಾಡುವುದಿಲ್ಲ. ಇಂಥವು ಕ್ಯಾಸೆಟ್ಟಿನಲ್ಲೂ ಚೆನ್ನಾಗಿಯೇ ಕೇಳುತ್ತವೆ.

ನಿರ್ಗುಣಿ ಭಜನೆಗಳಿಗೆ ಮಾತ್ರ ನನ್ನ ಓಟು ಎಲ್‌ಪಿಗೆ. ಒಂದೊಂದು ಭಜನೆ ಚಿಕ್ಕದು, ದ್ರುತ್ ತಾನಿನ ಗಲಾಟೆ ಇಲ್ಲ, ಒಳಗಿನ ಸುತ್ತಿನ ಸಮಸ್ಯೆ ಅಷ್ಟು ಕಾಡುವುದಿಲ್ಲ. ತಂಬೂರಿ ತುಂಬಿಕೊಂಡು ಬರುತ್ತದೆ. ಹಾವೇರಿ ಅಕ್ಕನ ಊರಿನ ಕಡೆ, ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಸುತ್ತಮುತ್ತ, ಷರೀಫರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಈಗಲೂ ಇದ್ದಾರೆ. ಎಲ್‌ಪಿ ಕೇಳಿದ ಮೇಲೆ ಅಕ್ಕ ಹೇಳಿದ್ದು: "ಭಾಷಾ ಬ್ಯಾರೆ ಅಷ್ಟ ರೀ. ತಂತಿ ಅದ, ಹಂಗ ನಿಲ್ಲಿಸೋದೂ ಅದ." ಏಕತಾರಿ ಹಿಡಿದವರೂ ಒಂದು ಸಾಲು ಹಾಡಿ ತಂತಿಗೆ ಬಿಟ್ಟುಕೊಡುತ್ತಾರೆ, ನಿಜ. ಇಷ್ಟು ವರ್ಷ ಕೇಳಿದರೂ ನನಗೆ ಈ ಸಂಬಂಧ ಹೊಳೆದಿರಲಿಲ್ಲ, ಅಕ್ಕನಿಗೆ ಹೊಳೆಯಿತು.

ಹೊಸದಾಗಿ ಕೇಳಲು ಹೊರಟವರು ದುಡ್ಡು ಸುರಿದು ಎಲ್‌ಪಿ ಪ್ಲೇಯರ್ ಕೊಳ್ಳುವ ಅಗತ್ಯ ಇಲ್ಲ. ಇರುವ ಮೊಬೈಲಿಗೆ ಒಂದು ಸಾಧಾರಣ ವೈರಿನ ಹೆಡ್‌ಫೋನ್ ತೊಗೊಳ್ಳಿ. ಮೊದಲು ಒಂದೆರಡು ನಿರ್ಗುಣಿ ಭಜನೆ ಕೇಳಿ, ಆಮೇಲೆ ಯಾವುದಾದರೂ ಒಂದು ರಾಗದ ಸ್ಟುಡಿಯೊ ರೆಕಾರ್ಡಿಂಗ್, ಕಿವಿ ಪಳಗಿದ ಮೇಲೆ ಅದೇ ರಾಗದ ಮೆಹಫಿಲ್. ಹುಡುಗ ಕುಮಾರನ 78ನ್ನು ಕೊನೆಗೆ ಇಟ್ಟುಕೊಳ್ಳಿ. ಕಾಕಾ ಮಾತ್ರ ಇದನ್ನು ಒಪ್ಪಿಲ್ಲ. 78ರಿಂದಲೇ ಶುರು ಮಾಡಬೇಕು, ಹುಡುಗ ಹೇಗಿದ್ದ ಅಂತ ಗೊತ್ತಿಲ್ಲದೆ ಎದ್ದು ಬಂದವರ ಬೆಲೆ ತಿಳಿಯುವುದಿಲ್ಲ ಅನ್ನುವುದು ಅವರ ವಾದ. ನೀವು ಕೇಳಿ ನೋಡಿ, ಯಾರದು ಸರಿ ಅಂತ ನಮಗೂ ತಿಳಿಸಿ.